ವೈವ್ಯಾಕ್ಸ್ ಮಲೇರಿಯಾ ಒಂದೇ ವರ್ಷದಲ್ಲಿ ಮೂರನೇ ಸಲ. ಇದರ ಮೇಲೆ ಯಾರೂ ಕೆಲಸ ಮಾಡುತ್ತಿಲ್ಲವಾ?

ಮೂರನೇ_ಸಲ
ಹೋದ ವರ್ಷ ಮೊದಲ ಸಲ ಬಂತು. ಹಲ್ಲು ಕಟಕಟ ಅನ್ನುವ ಚಳಿ, ಎರಡು ಕಂಬಳಿ ಹೊದ್ದರೂ ನಿಲ್ಲದ ನಡುಕ. ಅದು ಇಳಿಯುವಷ್ಟರಲ್ಲಿ ಮೈ ಕೆಂಡ. ಆಮೇಲೆ ಬೆವರಿ ಹಾಸಿಗೆಯೆಲ್ಲ ಒದ್ದೆ. ಮಾರನೇ ದಿನ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡಾಡಿದೆ. ಅದರ ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ಶುರು. ರಕ್ತ ನೋಡಿ ವೈವ್ಯಾಕ್ಸ್ ಅಂದರು. "ಹೆದರಬೇಡಿ, ಇದು ಸೌಮ್ಯ ಮಲೇರಿಯಾ" ಅಂತ ಮೂರು ದಿನ ಕ್ಲೋರೋಕ್ವಿನ್ ಕೊಟ್ಟು ಕಳಿಸಿದರು. ವಾಸಿಯಾಯಿತು, ಮರೆತೂ ಬಿಟ್ಟೆ.

ಎರಡು ತಿಂಗಳಿಗೆ ಮತ್ತೆ. ಈಗ ಮೂರನೇ ಸಲ. ಈ ನಡುವೆ ಕಿಟಕಿಗಳಿಗೆಲ್ಲ ಜಾಲರಿ ಹೊಡೆಸಿದ್ದೇನೆ. ಸೊಳ್ಳೆಪರದೆ ಕಟ್ಟಿಕೊಂಡೇ ಮಲಗುವುದು. ಮನೆಯಲ್ಲಿ ಬೇರೆ ಯಾರಿಗೂ ಇಲ್ಲ. ಈ ಸಲ ನೋಡಿದ ಡಾಕ್ಟ್ರು ಬೇರೆಯವರು. "ಅದು ನಿಮ್ಮ ಲಿವರ್‌ನಲ್ಲೇ ಮಲಗಿತ್ತು" ಅಂದರು. ಅದನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆ 14 ದಿನ ತಗೋಬೇಕಂತೆ. ಅದಕ್ಕೂ ಮೊದಲು ಜಿ6ಪಿಡಿ ಅಂತ ಒಂದು ಟೆಸ್ಟ್ ಬರೆದಿದ್ದಾರೆ.

ನಿದ್ದೆ ಬಾರದೆ ರಾತ್ರಿಯೆಲ್ಲ ಓದುತ್ತಾ ಕೂತೆ. ಮಲೇರಿಯಾಕ್ಕೆ ಎರಡು ಲಸಿಕೆ ಬಂದಿವೆ ಅಂತ ಖುಷಿಪಟ್ಟರೆ ಎರಡೂ ಫಾಲ್ಸಿಪ್ಯಾರಮ್ ಅನ್ನುವ ಇನ್ನೊಂದು ಜಾತಿಯ ಮಲೇರಿಯಾಕ್ಕೆ. ನನ್ನ ಮಾತ್ರೆ ನೋಡಿದರೆ 1952ರಲ್ಲಿ ಒಪ್ಪಿಗೆ ಸಿಕ್ಕಿದ್ದು. ನಮ್ಮಪ್ಪನಿಗಿಂತ ಹಳೆಯದು! ಯಾಕೆ ಹೀಗೆ? ಗೊತ್ತಿರುವವರು ಹೇಳಿ.

ಓದುಗ_42
ಜಾಲರಿಯಲ್ಲಿ ಎಲ್ಲೋ ತೂತು ಇರಬೇಕು ನೋಡಿ. ಮತ್ತೆ ಕಚ್ಚಿರುತ್ತೆ, ಅಷ್ಟೇ. ಲಿವರ್‌ನಲ್ಲಿ ಮಲಗುತ್ತೆ ಅಂತೆಲ್ಲ ಸುಮ್ನೆ ಹೆದರಿಸುತ್ತಾರೆ.

ಜ್ವರದ_ಡಾಕ್ಟ್ರು
42 ಅವರೇ, ಹೆದರಿಸುವುದಲ್ಲ, ನಿಜವಾಗಿ ಮಲಗುತ್ತೆ. ಸೊಳ್ಳೆ ಕಚ್ಚಿದಾಗ ಒಳಗೆ ಹೋದ ಪರಾವಲಂಬಿಗಳು ಮೊದಲು ಲಿವರ್‌ಗೇ ಹೋಗುವುದು. ಫಾಲ್ಸಿಪ್ಯಾರಮ್ ಆದರೆ ಅಲ್ಲಿ ಬೆಳೆದು ಎಲ್ಲವೂ ರಕ್ತಕ್ಕೆ ಇಳಿಯುತ್ತವೆ, ಲಿವರ್ ಖಾಲಿ. ವೈವ್ಯಾಕ್ಸ್ ಹಾಗಲ್ಲ. ಕೆಲವು ಬೆಳೆಯುತ್ತವೆ, ಕೆಲವು ಬೆಳೆಯದೆ ಹಾಗೇ ಮುದುಡಿಕೊಂಡು ಉಳಿಯುತ್ತವೆ. ಅವಕ್ಕೆ ಹಿಪ್ನೋಜೋಯೈಟ್ ಅಂತ ಹೆಸರು. ಬೂದಿ ಮುಚ್ಚಿದ ಕೆಂಡ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಒಂದೊಂದೇ ಎದ್ದು ಮತ್ತೆ ಜ್ವರ.

ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತೆ. ಲಿವರ್‌ನಲ್ಲಿ ಮಲಗಿರುವುದಕ್ಕೆ ಅದರಿಂದ ಏನೂ ಆಗುವುದಿಲ್ಲ. ನಿಮಗೆ ಮೊದಲ ಸಲವೇ ಪ್ರೈಮಾಕ್ವಿನ್ ಕೊಡಬೇಕಿತ್ತು. ಅದನ್ನು ಬಿಟ್ಟಿದ್ದು ದೊಡ್ಡ ತಪ್ಪು.

ಪಪುವಾ ನ್ಯೂಗಿನಿಯಲ್ಲಿ ಮಕ್ಕಳ ಮೇಲೆ ಒಂದು ಅಧ್ಯಯನ ಆಗಿತ್ತು, 2015ರಲ್ಲಿ ಪ್ರಕಟವಾಯಿತು. ಕೆಲವರಿಗೆ ಲಿವರ್ ಖಾಲಿ ಮಾಡುವ ಔಷಧಿ ಕೊಟ್ಟರು, ಕೆಲವರಿಗೆ ಅದರ ಬದಲು ಸುಮ್ನೆ ಮಾತ್ರೆ. ಆಮೇಲೆ ಲೆಕ್ಕ ಹಾಕಿದರೆ ಅಲ್ಲಿ ಮಕ್ಕಳಿಗೆ ಬರುವ 5 ವೈವ್ಯಾಕ್ಸ್ ಸೋಂಕಿನಲ್ಲಿ 4 ಹೊಸ ಸೊಳ್ಳೆ ಕಡಿತದಿಂದ ಬಂದಿದ್ದಲ್ಲ, ಹಳೆಯದೇ ಎದ್ದಿದ್ದು. ಎಷ್ಟು ಜಾಲರಿ ಹೊಡೆಸಿದರೂ ಒಳಗಿರುವುದಕ್ಕೆ ಏನು ಮಾಡುತ್ತೀರಿ?

ಓದುಗ_42
ಸರಿ ಡಾಕ್ಟ್ರೇ, ಜಾಲರಿ ಮಾತು ವಾಪಸ್. 5ರಲ್ಲಿ 4 ಅಂದರೆ ತಮಾಷೆನಾ!

ಬಿಡುವಿನ_ವೇಳೆ
ಕುಂಭಕರ್ಣನಿಗಾದರೂ ಆರು ತಿಂಗಳು ಅಂತ ಲೆಕ್ಕ ಇತ್ತು. ಇದಕ್ಕೆ ಅದೂ ಇಲ್ಲ.

ಜ್ವರದ_ಡಾಕ್ಟ್ರು
ಲೆಕ್ಕ ಇದೆ, ಆದರೆ ತಳಿಗೊಂದು ಲೆಕ್ಕ. ನ್ಯೂಗಿನಿ ಕಡೆಯ ಚೆಸ್ಸನ್ ಅನ್ನುವ ತಳಿ ಮೂರೇ ವಾರಕ್ಕೆ ಏಳುತ್ತೆ. ಚಳಿ ಪ್ರದೇಶದ ತಳಿಗಳು ಎಂಟು ಹತ್ತು ತಿಂಗಳು ಸದ್ದಿಲ್ಲದೆ ಇದ್ದು, ಸೊಳ್ಳೆ ಮತ್ತೆ ಹುಟ್ಟುವ ಕಾಲಕ್ಕೆ ಸರಿಯಾಗಿ ಏಳುತ್ತವೆ. ಚಳಿಗಾಲದಲ್ಲಿ ಎದ್ದರೆ ದಾಟಿಸುವ ಸೊಳ್ಳೆಯೇ ಇರುವುದಿಲ್ಲವಲ್ಲ.

ಬಿಡುವಿನ_ವೇಳೆ
ಅಂದರೆ ಕ್ಯಾಲೆಂಡರ್ ನೋಡಿಕೊಂಡು ಮಲಗುತ್ತೆ. ನಮಗಿಂತ ಶಿಸ್ತು.

ಇತಿಹಾಸದ_ಹುಳ
ಮಲಗುವ ವಿಷಯದ ಕತೆಯೇ ಚೆನ್ನಾಗಿದೆ. ಜ್ವರ ಬಿಟ್ಟು ಮತ್ತೆ ಬರುತ್ತೆ ಅನ್ನುವುದು ಹಳೇ ಕಾಲದಿಂದ ಗೊತ್ತಿತ್ತು. ಎಲ್ಲಿ ಅಡಗಿರುತ್ತೆ ಅನ್ನುವುದು ಗೊತ್ತಿರಲಿಲ್ಲ. 1948ರಲ್ಲಿ ಶಾರ್ಟ್ ಮತ್ತು ಗಾರ್ನ್‌ಹ್ಯಾಮ್ ಲಿವರ್‌ನಲ್ಲಿ ಒಂದು ಹಂತ ಇದೆ ಅಂತ ತೋರಿಸಿದರು. ಆದರೆ ಅವರು ಕಂಡಿದ್ದು ಬೆಳೆಯುತ್ತಿದ್ದವು. ಮಲಗಿದ್ದು ಕಂಡಿರಲಿಲ್ಲ. ಅದಾಗಿ 30 ವರ್ಷ ವಾದವೋ ವಾದ. 1980ರ ಹೊತ್ತಿಗೆ ಕ್ರೊಟೊಸ್ಕಿ ಮತ್ತು ಜೊತೆಯವರು ಕೋತಿಯ ಲಿವರ್ ತುಣುಕಿಗೆ ಪರಾವಲಂಬಿಗೆ ಅಂಟಿಕೊಂಡು ಹೊಳೆಯುವ ಪ್ರತಿಕಾಯ (ಆಂಟಿಬಾಡಿ) ಹಾಕಿ ನೋಡಿದಾಗ ಜೀವಕೋಶದೊಳಗೆ ಒಂದು ಚಿಕ್ಕ ಚುಕ್ಕೆ ಮಿಣಕ್ ಅಂತು. ಅದೇ ಇದು. ಆಮೇಲೆ ವೈವ್ಯಾಕ್ಸ್‌ನಲ್ಲೂ ಸಿಕ್ಕಿತು.

ತಮಾಷೆ ಏನೆಂದರೆ, ಹಿಪ್ನೋಜೋಯೈಟ್ ಅನ್ನುವ ಹೆಸರನ್ನು ಮಾರ್ಕಸ್ ಅನ್ನುವವರು ಅದಕ್ಕೂ ಮೊದಲೇ, 1970ರ ದಶಕದಲ್ಲಿ ಇಟ್ಟಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ!

ವಾದಕ್ಕೆ_ಬಂದೆ
ಎಲ್ಲರೂ ಬೈದುಕೊಳ್ಳಿ, ಆದರೂ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ 26 ಕೋಟಿ 30 ಲಕ್ಷ ಮಲೇರಿಯಾ ಪ್ರಕರಣ, 5 ಲಕ್ಷ 97 ಸಾವಿರ ಸಾವು. ಅದರಲ್ಲಿ ವೈವ್ಯಾಕ್ಸ್ ಸುಮಾರು 92 ಲಕ್ಷ ಪ್ರಕರಣ. ಶೇ 4 ಕೂಡ ಇಲ್ಲ. ಸಾಯುವವರು ಬಹುಪಾಲು ಆಫ್ರಿಕಾದ ಪುಟ್ಟ ಮಕ್ಕಳು, ಅದೂ ಫಾಲ್ಸಿಪ್ಯಾರಮ್‌ನಿಂದ. ಇರುವ ದುಡ್ಡು ಮೊದಲು ಅಲ್ಲಿಗೆ ಹೋಗಬೇಕಾ, ಇಲ್ಲಿಗಾ? ನಿರ್ಲಕ್ಷ್ಯ ಅಂತ ಅಳುವುದಕ್ಕೆ ಮೊದಲು ಈ ಲೆಕ್ಕ ನೋಡಿ.

ಮೂರನೇ_ಸಲ
ಒಂದು ವರ್ಷದಲ್ಲಿ ಮೂರು ಸಲ ನೀವು ನಡುಗಿ, ಆಮೇಲೆ ಶೇಕಡಾವಾರು ಹೇಳಿ ಸ್ವಾಮಿ.

ವಾದಕ್ಕೆ_ಬಂದೆ
ನಿಮ್ಮ ಕಷ್ಟ ಸುಳ್ಳು ಅಂತ ನಾನೆಲ್ಲಿ ಹೇಳಿದೆ? ದುಡ್ಡಿನ ಮಾತಾಡಿದೆ ಅಷ್ಟೇ.

ಜ್ವರದ_ಡಾಕ್ಟ್ರು
ವಾದಕ್ಕೆ ಬಂದವರ ಅಂಕಿ ಸರಿ ಇದೆ. ತೀರ್ಮಾನ ಅವಸರದ್ದು. "ಸೌಮ್ಯ" ಅನ್ನುವ ಒಂದು ಪದ ಈ ರೋಗಕ್ಕೆ ಮಾಡಿದ ಅನ್ಯಾಯ ಸೊಳ್ಳೆ ಕೂಡ ಮಾಡಿಲ್ಲ. ಹಳೇ ಪುಸ್ತಕದಲ್ಲಿ ಹಾಗೇ ಬರೆದಿತ್ತು, ನಾವೂ ಹಾಗೇ ಬಾಯಿಪಾಠ ಮಾಡಿದೆವು. ಒಂದು ಜ್ವರದಿಂದ ಸಾಯುವವರು ಕಮ್ಮಿ, ನಿಜ. ಆದರೆ ಒಂದೇ ಮಗುವಿಗೆ ಮತ್ತೆ ಮತ್ತೆ ಬಂದರೆ ಪ್ರತಿ ಸಲವೂ ರಕ್ತ ಇಳಿಯುತ್ತೆ. ಹಿಂದಿನದು ತುಂಬಿಕೊಳ್ಳುವ ಮೊದಲೇ ಮುಂದಿನದು. ಬಸುರಿಯರಲ್ಲಿ ರಕ್ತಹೀನತೆ, ಕಮ್ಮಿ ತೂಕದ ಮಕ್ಕಳು. ಅಂಥವರು ಕೊನೆಗೆ ಬೇರೆ ಏನಾದರೂ ಸೋಂಕಿನಲ್ಲಿ ತೀರಿಕೊಂಡರೆ ಕಾರಣದ ಜಾಗದಲ್ಲಿ ವೈವ್ಯಾಕ್ಸ್ ಅಂತ ಬರೆಯುವುದಿಲ್ಲ.

ಇನ್ನೊಂದು. ಫಾಲ್ಸಿಪ್ಯಾರಮ್ ಇಳಿಸಿದ ಕಡೆಯೆಲ್ಲ ಕೊನೆಗೆ ಉಳಿಯುವುದು ಇದೇ. ಎರಡೂ ಇರುವ ಕಡೆ ಸೊಳ್ಳೆಪರದೆ, ಔಷಧಿ ಎಲ್ಲ ಕೊಟ್ಟಾಗ ಅದು ಬೇಗ ಇಳಿಯುತ್ತೆ, ಇದು ನಿಧಾನ.

ಸ್ಲೈಡ್_ಮೇಷ್ಟ್ರು
ನಾನು 20 ವರ್ಷ ಮೈಕ್ರೋಸ್ಕೋಪಿನ ಮುಂದೆ ಕೂತವನು. ವೈವ್ಯಾಕ್ಸ್ ಸ್ಲೈಡ್ ಅಂದರೆ ನನಗೆ ಸ್ವಲ್ಪ ಪ್ರೀತಿ ಅಂತಲೇ ಇಟ್ಕೊಳ್ಳಿ. ಪರಾವಲಂಬಿ ಹೊಕ್ಕ ಕೆಂಪು ಕಣ ಪಕ್ಕದ ಕಣಗಳಿಗಿಂತ ಉಬ್ಬಿ ದೊಡ್ಡದಾಗಿರುತ್ತೆ. ಮೈ ತುಂಬ ನಸುಗುಲಾಬಿ ಚುಕ್ಕೆ, ಯಾರೋ ಕುಂಕುಮ ನೀರು ಚಿಮುಕಿಸಿದ ಹಾಗೆ. ಅದಕ್ಕೆ ಷುಫ್ನರ್ ಚುಕ್ಕೆ ಅನ್ನುತ್ತಾರೆ. ಒಳಗಿರುವುದು ಒಂದು ಆಕಾರದಲ್ಲಿ ನಿಲ್ಲುವುದಿಲ್ಲ, ಅತ್ತ ಇತ್ತ ಕೈ ಚಾಚಿರುತ್ತೆ.

ಕಷ್ಟ ಏನೆಂದರೆ ಸಂಖ್ಯೆ ಕಮ್ಮಿ. ಫಾಲ್ಸಿಪ್ಯಾರಮ್ ಆದರೆ ಒಂದೊಂದು ಸಲ ಕಣ್ಣಿಟ್ಟ ಕಡೆಯೆಲ್ಲ ಉಂಗುರ. ಇದು ನೂರಾರು ಫೀಲ್ಡ್ ಹುಡುಕಿದರೆ ಒಂದೋ ಎರಡೋ. ಸಂಜೆ ನಾಲ್ಕು ಗಂಟೆಗೆ, ಮುಂದೆ ಇನ್ನೂ 40 ಸ್ಲೈಡ್ ಇರುವಾಗ, "ಇಲ್ಲ" ಅಂತ ಬರೆದುಬಿಡುವ ಆಸೆ ಬರುತ್ತೆ. ನಾನೂ ಬರೆದಿದ್ದೇನೆ. ಒಬ್ಬ ಹುಡುಗನದು ಹಾಗೆ ಬರೆದು, ಮನಸ್ಸು ತಡೆಯದೆ ಮಾರನೇ ದಿನ ಮತ್ತೆ ಹಾಕಿ ನೋಡಿದೆ. ದಪ್ಪ ಲೇಪದ ಅಂಚಿನಲ್ಲಿ ಇತ್ತು.

ಪಿಎಚ್‌ಡಿ_ಮುಗಿಯಲ್ಲ
ಮೇಷ್ಟ್ರೇ, ಸಂಖ್ಯೆ ಕಮ್ಮಿ ಕಾಣುವುದಕ್ಕೂ ಒಂದು ಕಾರಣ ಈಚೆಗೆ ಗೊತ್ತಾಗಿದೆ. ಇಂಡೋನೇಷ್ಯಾದ ಪಪುವಾದಲ್ಲಿ ಪೆಟ್ಟು ಬಿದ್ದು ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರ ಗುಲ್ಮವನ್ನೇ ಪರೀಕ್ಷೆ ಮಾಡಿದರು. ಅವರಲ್ಲಿ ಬಹಳ ಜನಕ್ಕೆ ಜ್ವರವೇ ಇರಲಿಲ್ಲ. ಆದರೆ ಗುಲ್ಮದ ತುಂಬ ಜೀವಂತ ಪರಾವಲಂಬಿ. ವೈವ್ಯಾಕ್ಸ್‌ನಲ್ಲಿ ಒಟ್ಟು ಪರಾವಲಂಬಿಗಳ ಶೇ 98ಕ್ಕಿಂತ ಜಾಸ್ತಿ ಗುಲ್ಮದಲ್ಲೇ. 2021ರಲ್ಲಿ ಪ್ರಕಟವಾಯಿತು. ನೀವು ಬೆರಳು ಚುಚ್ಚಿ ನೋಡುವ ರಕ್ತದಲ್ಲಿ ಇರುವುದು ಚಿಲ್ಲರೆ. ಗಂಟು ಒಳಗಿದೆ.

ಸ್ಲೈಡ್_ಮೇಷ್ಟ್ರು
ಇದು ನನಗೆ ಗೊತ್ತಿರಲಿಲ್ಲ. ಅಂದರೆ 20 ವರ್ಷ ಚಿಲ್ಲರೆ ಎಣಿಸಿದೆ ಅನ್ನಿ.

ಮೂರನೇ_ಸಲ
ಪಿಎಚ್‌ಡಿ ಅವರೇ, ನನ್ನ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಸಂಶೋಧನೆ ಯಾಕೆ ಮುಂದೆ ಹೋಗಲ್ಲ? ಬರೀ ದುಡ್ಡಿನ ಸಮಸ್ಯೆನಾ?

ಪಿಎಚ್‌ಡಿ_ಮುಗಿಯಲ್ಲ
ದುಡ್ಡು ಒಂದು. ಅದಕ್ಕಿಂತ ದೊಡ್ಡದು, ಈ ಪ್ರಾಣಿಯನ್ನು ಲ್ಯಾಬಿನಲ್ಲಿ ಸಾಕಲು ಆಗುವುದಿಲ್ಲ.

ಫಾಲ್ಸಿಪ್ಯಾರಮ್ ಅನ್ನು 1976ರಲ್ಲಿ ಟ್ರೇಗರ್ ಮತ್ತು ಜೆನ್ಸನ್ ಪ್ಲೇಟಿನಲ್ಲಿ ಬೆಳೆಸಿದರು. ಅಲ್ಲಿಂದ ಇಲ್ಲಿವರೆಗೆ ಜಗತ್ತಿನ ಯಾವ ಲ್ಯಾಬಿನವರಾದರೂ ಫ್ರೀಜರ್‌ನಿಂದ ತೆಗೆದು, ಕರಗಿಸಿ, ರಕ್ತ ಹಾಕಿ ಬೆಳೆಸಬಹುದು. ಸಾವಿರ ಔಷಧಿ ಪರೀಕ್ಷೆ ಮಾಡಬಹುದು. ವೈವ್ಯಾಕ್ಸ್‌ಗೆ ಅದು ಇವತ್ತಿಗೂ ಆಗಿಲ್ಲ. ಯಾಕೆಂದರೆ ಇದು ಎಲ್ಲಾ ಕೆಂಪು ಕಣಕ್ಕೂ ನುಗ್ಗುವುದಿಲ್ಲ. ಮೂಳೆಮಜ್ಜೆಯಿಂದ ಈಗಷ್ಟೇ ಹೊರಬಂದ ಎಳೇ ಕಣವೇ ಬೇಕು. ರೆಟಿಕ್ಯುಲೋಸೈಟ್ ಅಂತ. ನಮ್ಮ ರಕ್ತದಲ್ಲಿ ಅದು ನೂರಕ್ಕೆ ಒಂದೋ ಎರಡೋ. ಅದೂ ಒಂದು ದಿನ ಕಳೆದರೆ ಬಲಿತು ಹೋಗುತ್ತೆ, ಆಮೇಲೆ ಇದಕ್ಕೆ ಬೇಡ. ಪರಾವಲಂಬಿಯ ಒಂದು ಸುತ್ತಿಗೆ 48 ಗಂಟೆ. ಅಂದರೆ ಪ್ರತಿ ಸುತ್ತಿಗೂ ನಾನು ಎಳೇ ಕಣ ಎಲ್ಲಿಂದಲೋ ಹೊಂದಿಸಬೇಕು.

ನಾನು ಹೊಕ್ಕುಳಬಳ್ಳಿ ರಕ್ತದಿಂದ ಎಳೇ ಕಣ ಬೇರೆ ಮಾಡಿ ಇಟ್ಟುಕೊಳ್ಳುತ್ತಿದ್ದೆ. ರೋಗಿಯ ರಕ್ತ ಬಂದ ತಕ್ಷಣ ಬಿಳಿ ಕಣ ಸೋಸಿ, ಇವೆರಡನ್ನೂ ಸೇರಿಸಿ ಇನ್‌ಕ್ಯುಬೇಟರಿಗೆ. ಮೊದಲ ದಿನ ಚೆನ್ನಾಗಿ ಬೆಳೆಯುತ್ತೆ. ಎರಡನೇ ದಿನ ಒಡೆದು ಹೊಸ ಕಣಕ್ಕೆ ಹೊಕ್ಕ ಹಾಗೆ ಕಾಣುತ್ತೆ, ನಾವು ಕುಣಿಯುತ್ತೇವೆ. ನಾಲ್ಕನೇ ದಿನಕ್ಕೆ ಹುಡುಕಿದರೂ ಇಲ್ಲ. ಹೀಗೆ ಒಂದೂವರೆ ವರ್ಷ. ಹೆಸರು ನೋಡಿ, ಸುಮ್ನೆ ಇಟ್ಟುಕೊಂಡಿದ್ದಲ್ಲ.

ಬಿಡುವಿನ_ವೇಳೆ
ಎಳೇದೇ ಬೇಕು ಅನ್ನುತ್ತೆ, ಒಂದು ದಿನ ಹಳೇದಾದರೆ ಮುಟ್ಟಲ್ಲ. ನಮ್ಮನೆ ಬೆಕ್ಕಿನ ಥರ.

ವಾದಕ್ಕೆ_ಬಂದೆ
ಹಾಗಾದರೆ ಕೋತಿಯದು ಇದೆಯಲ್ಲ? ಅದರಲ್ಲಿ ಮಾಡಿ.

ಪಿಎಚ್‌ಡಿ_ಮುಗಿಯಲ್ಲ
ಮಾಡುತ್ತಿದ್ದಾರೆ. ವೈವ್ಯಾಕ್ಸ್‌ನ ದಾಯಾದಿ ಅನ್ನಬಹುದಾದ ಸೈನೊಮೋಲ್ಗಿ ಕೋತಿಗೆ ಬರುತ್ತೆ, ಅದೂ ಲಿವರ್‌ನಲ್ಲಿ ಮಲಗುತ್ತೆ. ಕ್ರೊಟೊಸ್ಕಿ ಮೊದಲು ಕಂಡಿದ್ದು ಅದನ್ನೇ. 2019ರಲ್ಲಿ ಅದನ್ನು ರಕ್ತದಲ್ಲಿ ನಿರಂತರವಾಗಿ ಬೆಳೆಸಿದ್ದೇವೆ ಅಂತ ಸಿಂಗಪುರದ ತಂಡ ತೋರಿಸಿತು. ದೊಡ್ಡ ಹೆಜ್ಜೆ. ಆದರೂ ದಾಯಾದಿ ದಾಯಾದಿಯೇ.

ಲಿವರ್ ಹಂತಕ್ಕೆ ಇನ್ನೆರಡು ದಾರಿ ಇವೆ. ಮನುಷ್ಯರ ಲಿವರ್ ಕೋಶ ತುಂಬಿದ ಇಲಿ. ಇಲ್ಲವೇ ದಾನವಾಗಿ ಬಂದ ಲಿವರ್‌ನ ಕೋಶವನ್ನು 384 ಗುಣಿಯ ಪ್ಲೇಟಿನಲ್ಲಿ ಹರಡಿ, ಅದರ ಮೇಲೆ ಸೊಳ್ಳೆಯಿಂದ ತೆಗೆದ ಪರಾವಲಂಬಿ ಬಿಡುವುದು. ಒಂದೇ ಪ್ಲೇಟಿನಲ್ಲಿ ನೂರಾರು ಔಷಧಿ ಹಾಕಿ, ಮಲಗಿರುವುದು ಸಾಯುತ್ತಾ ಅಂತ ನೋಡಬಹುದು. ಆದರೆ ಆ ಪರಾವಲಂಬಿ ಬರಬೇಕಾದರೆ ಸೊಳ್ಳೆ ಬೇಕು, ಸೊಳ್ಳೆಗೆ ರೋಗಿಯ ತಾಜಾ ರಕ್ತ ಬೇಕು. ಹಾಗಾಗಿ ಈ ಕೆಲಸ ರೋಗ ಇರುವ ಕಡೆಯೇ ಆಗಬೇಕು. ಥಾಯ್ಲೆಂಡ್, ಕಾಂಬೋಡಿಯಾ ಅಂಥ ಕಡೆ ನಡೆಯುತ್ತೆ.

ಸೊಳ್ಳೆ_ಕೋಣೆ
"ಸೊಳ್ಳೆಯಿಂದ ತೆಗೆದ" ಅಂತ ಒಂದೇ ಪದದಲ್ಲಿ ಮುಗಿಸಿಬಿಟ್ಟೆಯಲ್ಲ ತಮ್ಮಾ. ತೆಗೆಯುವುದು ಯಾರು? ನಾವು!

ಹೇಳುತ್ತೇನೆ ಕೇಳಿ. ರೋಗಿಯ ರಕ್ತವನ್ನು ಬೆಚ್ಚಗೆ ಇಟ್ಟು, ತೆಳು ಪೊರೆಯ ಮೂಲಕ ಸೊಳ್ಳೆಗೆ ಕುಡಿಸುತ್ತೇವೆ. ಕುಡಿದವನ್ನು ಮಾತ್ರ ಆರಿಸಿ ಇಟ್ಟುಕೊಳ್ಳುವುದು. ಹದಿನಾಲ್ಕು ಹದಿನಾರು ದಿನ ಸಕ್ಕರೆ ನೀರು ಕೊಟ್ಟು ಸಾಕಬೇಕು. ಸೋಂಕಿರುವ ಸೊಳ್ಳೆ ಅಲ್ವಾ, ಎರಡು ಬಾಗಿಲು, ಬಲೆ, ಎಣಿಕೆ. ಒಂದು ಸೊಳ್ಳೆ ಲೆಕ್ಕಕ್ಕೆ ಸಿಗದಿದ್ದರೆ ಸಿಗುವವರೆಗೂ ಯಾರೂ ಹೊರಗೆ ಹೋಗುವ ಹಾಗಿಲ್ಲ. ಒಂದು ದಿನ ರಾತ್ರಿ ಒಂಬತ್ತರವರೆಗೂ ಹುಡುಕಿದ್ದೇವೆ. ಕೊನೆಗೆ ಸತ್ತು ಪಂಜರದ ಮೂಲೆಯಲ್ಲಿ ಹತ್ತಿಗೆ ಅಂಟಿಕೊಂಡಿತ್ತು.

ಆಮೇಲೆ ಕೊಯ್ಯುವುದು. ಸತ್ತ ಸೊಳ್ಳೆಯನ್ನು ಒಂದು ಹನಿ ದ್ರಾವಣದಲ್ಲಿಟ್ಟು ಮೈಕ್ರೋಸ್ಕೋಪಿನಡಿ ಎರಡು ಸೂಜಿ. ಒಂದು ಸೂಜಿಯಿಂದ ಎದೆ ಹಿಡಿದು, ಇನ್ನೊಂದರಿಂದ ತಲೆಯನ್ನು ಮೆಲ್ಲಗೆ ಎಳೆಯಬೇಕು. ಜೋರಾಗಿ ಎಳೆದರೆ ತಲೆ ಒಂದೇ ಬರುತ್ತೆ. ಹದವಾಗಿ ಎಳೆದರೆ ಹಿಂದೆಯೇ ಎರಡು ಜೊಲ್ಲುಗ್ರಂಥಿ ಜಾರಿ ಬರುತ್ತವೆ. ಒಂದೊಂದರಲ್ಲಿ ಮೂರು ಬೆರಳು, ಗಾಜಿನ ಥರ ಪಾರದರ್ಶಕ. ಅದರೊಳಗೆ ಇರುವುದು ನಮ್ಮ ಸರಕು. ಒಂದು ಪ್ಲೇಟ್ ತುಂಬಲು ಇಂಥ ಎಷ್ಟೋ ಸೊಳ್ಳೆ. ಎಲ್ಲವನ್ನೂ ಬೇಗ ಮುಗಿಸಬೇಕು, ತಡವಾದರೆ ಪರಾವಲಂಬಿ ಸೋತುಹೋಗುತ್ತೆ. ಊಟಕ್ಕೆ ಎದ್ದರೆ ಬೈಸಿಕೊಳ್ಳುವುದು.

ಎಷ್ಟೋ ಸಲ ಇಷ್ಟೆಲ್ಲ ಮಾಡಿ ಒಡೆದರೆ ಗ್ರಂಥಿ ಖಾಲಿ. ಆ ರೋಗಿಯ ರಕ್ತ ಸೊಳ್ಳೆಗೆ ಹಿಡಿದಿಲ್ಲ.

ಪಿಎಚ್‌ಡಿ_ಮುಗಿಯಲ್ಲ
ತಪ್ಪಾಯ್ತು ಅಕ್ಕ. ಪ್ರಬಂಧದ ಕೃತಜ್ಞತೆಯಲ್ಲಿ ಮೊದಲ ಹೆಸರು ನಿಮ್ಮಂಥವರದು.

ಸೊಳ್ಳೆ_ಕೋಣೆ
ಕೃತಜ್ಞತೆಯಲ್ಲಿ ಬೇಡ, ಲೇಖಕರ ಪಟ್ಟಿಯಲ್ಲಿ ಹಾಕು.

ಓದುಗ_42
ಹಾಹಾ. ಅಕ್ಕನ ಪರ ನನ್ನದೊಂದು ಓಟು.

ಇತಿಹಾಸದ_ಹುಳ
ರೋಗಿಗಳ ರಕ್ತದ ಮಾತು ಬಂತು. ಒಂದು ಕಾಲದಲ್ಲಿ ವೈವ್ಯಾಕ್ಸ್ ಅನ್ನು ಬೇಕಂತಲೇ ಮನುಷ್ಯರಿಗೆ ಕೊಡುತ್ತಿದ್ದರು. 1917ರಲ್ಲಿ ವಿಯೆನ್ನಾದ ವಾಗ್ನರ್-ಯೌರೆಗ್ ಸಿಫಿಲಿಸ್ ಮಿದುಳಿಗೆ ಏರಿದವರಿಗೆ ಮಲೇರಿಯಾ ರಕ್ತ ಚುಚ್ಚಿದ. ಜ್ವರದ ಶಾಖಕ್ಕೆ ಅದು ಸಾಯಲಿ ಅಂತ. 1927ರಲ್ಲಿ ಅದಕ್ಕೆ ನೊಬೆಲ್ ಕೂಡ ಬಂತು. ಈ ರೋಗ ಹೇಗೆ ಮರುಕಳಿಸುತ್ತೆ ಅನ್ನುವ ಹಳೇ ಮಾಹಿತಿ ಎಷ್ಟೋ ಇಂಥ ರೋಗಿಗಳಿಂದಲೇ ಬಂದಿದ್ದು.

ಇನ್ನೊಂದು ಅದಕ್ಕಿಂತ ಕಸಿವಿಸಿಯದು. ಎರಡನೇ ಮಹಾಯುದ್ಧದ ಕೊನೆಗೆ, 1944ರಿಂದ, ಅಮೆರಿಕದ ಸ್ಟೇಟ್‌ವಿಲ್ ಜೈಲಿನ ಕೈದಿಗಳಿಗೆ ಚೆಸ್ಸನ್ ತಳಿಯ ವೈವ್ಯಾಕ್ಸ್ ಕೊಟ್ಟು ಔಷಧಿ ಪರೀಕ್ಷೆ ಮಾಡಿದರು. ನಮ್ಮ ಮೂರನೇ ಸಲದವರು ನುಂಗುವ ಪ್ರೈಮಾಕ್ವಿನ್ ಹದಕ್ಕೆ ಬಂದಿದ್ದು ಅಲ್ಲೇ. ಕೈದಿಗಳು ಸಹಿ ಹಾಕಿದ್ದರು ಅನ್ನುವುದು ಸರಿ. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ನಾಜಿ ಡಾಕ್ಟರ್‌ಗಳ ವಕೀಲರು "ನೀವೂ ಮಾಡಿದ್ದೀರಲ್ಲ" ಅಂತ ತೋರಿಸಿದ್ದು ಇದನ್ನೇ.

ವಾದಕ್ಕೆ_ಬಂದೆ
ಆ ಕೈದಿಗಳು ಇಲ್ಲದಿದ್ದರೆ ಈ ಮಾತ್ರೆ ಇರುತ್ತಿರಲಿಲ್ಲ. ಎರಡೂ ನಿಜ ಅಲ್ವಾ?

ಇತಿಹಾಸದ_ಹುಳ
ಎರಡೂ ನಿಜ. ಅದಕ್ಕೇ ಕಸಿವಿಸಿ ಅಂದೆ. ಬಾಗಿಲು ಹಾಕಿದ ಕೋಣೆಯಲ್ಲಿ ಇರುವವನ "ಹೂಂ"ಗೆ ಎಷ್ಟು ಬೆಲೆ?

ಜಿ6ಪಿಡಿ ಕತೆಯೂ ಅಲ್ಲಿಯದೇ. ಕೆಲವು ಕೈದಿಗಳಿಗೆ ಪ್ರೈಮಾಕ್ವಿನ್ ಕೊಟ್ಟರೆ ಕೆಂಪು ಕಣ ಒಡೆದು ಮೂತ್ರ ಕಪ್ಪಾಗುತ್ತಿತ್ತು. ಯಾಕೆ ಅಂತ ಹುಡುಕುತ್ತಾ ಹೋಗಿ 1956ರಲ್ಲಿ ಅವರ ಕಣಗಳಲ್ಲಿ ಆ ಕಿಣ್ವ ಕಮ್ಮಿ ಅಂತ ಕಂಡುಕೊಂಡರು.

ಮೂರನೇ_ಸಲ
ಅಯ್ಯೋ. ಇದೇನಾ ನನಗೆ ಬರೆದಿರುವ ಟೆಸ್ಟ್? ಈಗ ನಿಜವಾಗಿ ಭಯ ಆಯಿತು.

ಜ್ವರದ_ಡಾಕ್ಟ್ರು
ಟೆಸ್ಟ್ ಬರೆದಿರುವುದೇ ಭಯ ಬೇಡ ಅಂತ. ಆ ಕಿಣ್ವ ಕೆಂಪು ಕಣದ ಕಾವಲುಗಾರ ಇದ್ದ ಹಾಗೆ. ಅದು ಕಮ್ಮಿ ಇದ್ದವರಿಗೆ ಈ ಜಾತಿಯ ಔಷಧಿ ಕೊಟ್ಟರೆ ಕಣ ಒಡೆಯುತ್ತವೆ. ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಿಗೆ ಈ ಕೊರತೆ ಇದೆ, ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ಮಲೇರಿಯಾ ಇರುವ ಕಡೆಯೇ ಇದು ಜಾಸ್ತಿ ಇರುವುದು ಇನ್ನೊಂದು ವಿಚಿತ್ರ. ಎಕ್ಸ್ ಕ್ರೋಮೋಸೋಮಿನಲ್ಲಿ ಬರುವುದರಿಂದ ಗಂಡಸರಿಗೆ ಇದೆ ಅಥವಾ ಇಲ್ಲ. ಹೆಂಗಸರಲ್ಲಿ ಅರ್ಧಂಬರ್ಧವೂ ಇರಬಹುದು, ಅದನ್ನು ಹಿಡಿಯುವುದೇ ಕಷ್ಟ.

ಎಷ್ಟೋ ಕಡೆ ಡಾಕ್ಟ್ರುಗಳು ಪ್ರೈಮಾಕ್ವಿನ್ ಬರೆಯಲು ಹಿಂಜರಿಯುವುದಕ್ಕೆ ಇದೇ ಕಾರಣ. ಟೆಸ್ಟ್ ಇಲ್ಲ, ಕೊಟ್ಟು ಏನಾದರೂ ಆದರೆ? ಕೊಡದೆ ಬಿಟ್ಟರೆ ರೋಗಿ ಎರಡು ತಿಂಗಳಿಗೆ ಮತ್ತೆ ಬರುತ್ತಾನೆ. ಬಸುರಿಯರಿಗೂ ತೀರಾ ಎಳೇ ಕೂಸಿಗೂ ಕೊಡುವಂತೆಯೇ ಇಲ್ಲ. ಒಂದಕ್ಕೆ ಎಳೆದರೆ ಇನ್ನೊಂದಕ್ಕೆ ಸಾಲದ ಹೊದಿಕೆ.

ಓದುಗ_42
ಒಂದೇ ಡೋಸಿನದು ಬಂದಿದೆ ಅಂತ ಎಲ್ಲೋ ಓದಿದ ನೆನಪು?

ಲೆಕ್ಕದವಳು
ಟಫೆನೋಕ್ವಿನ್. 1978ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಸ್ಥೆಯಲ್ಲಿ ಹುಟ್ಟಿದ್ದು, 2018ರಲ್ಲಿ ಒಪ್ಪಿಗೆ. ನಲವತ್ತು ವರ್ಷ! ಮರುಕಳಿಕೆ ತಡೆಯುವುದಕ್ಕೆ ಅಂತ 60 ವರ್ಷದಲ್ಲಿ ಬಂದ ಮೊದಲ ಹೊಸ ಔಷಧಿ.

2019ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯ ಅಂಕಿ ನನಗೆ ಬಾಯಿಪಾಠ, ಪಾಠ ಮಾಡುವಾಗ ಬಳಸುತ್ತೇನೆ. ಎಲ್ಲರಿಗೂ ಕ್ಲೋರೋಕ್ವಿನ್ ಕೊಟ್ಟರು. ಅದರ ಮೇಲೆ ಒಂದು ಗುಂಪಿಗೆ ಏನೂ ಇಲ್ಲ, ಒಂದಕ್ಕೆ ಟಫೆನೋಕ್ವಿನ್, ಒಂದಕ್ಕೆ 14 ದಿನದ ಪ್ರೈಮಾಕ್ವಿನ್. ಆರು ತಿಂಗಳು ಮತ್ತೆ ಜ್ವರ ಬಾರದೆ ಉಳಿದವರು: ಏನೂ ಕೊಡದ ಗುಂಪಿನಲ್ಲಿ ಶೇ 27.7, ಟಫೆನೋಕ್ವಿನ್‌ನಲ್ಲಿ ಶೇ 62.4, ಪ್ರೈಮಾಕ್ವಿನ್‌ನಲ್ಲಿ ಶೇ 69.6. ಗಮನಿಸಿ, ಹೊಸದು ಹಳೆಯದನ್ನು ಸೋಲಿಸಲಿಲ್ಲ. ಆದರೆ ಅದು ಪರೀಕ್ಷೆ, ಹಿಂದೆ ಬಿದ್ದು ಮಾತ್ರೆ ನುಂಗಿಸುತ್ತಾರೆ. ಮನೆಯಲ್ಲಿ ಜ್ವರ ಬಿಟ್ಟ ಮೇಲೆ 14 ದಿನ ಯಾರು ನುಂಗುತ್ತಾರೆ?

ಟಫೆನೋಕ್ವಿನ್‌ನ ಆ ಒಂದು ಡೋಸ್ 300 ಮಿಲಿಗ್ರಾಂ, ಅದು ಕಮ್ಮಿ ಆಯಿತು, 450 ಬೇಕಿತ್ತು ಅನ್ನುವ ವಾದವೂ ಇದೆ. ನನಗೆ ಆ ವಾದ ಸರಿ ಅನ್ನಿಸುತ್ತೆ.

ಜ್ವರದ_ಡಾಕ್ಟ್ರು
ಅದಕ್ಕೆ ಜಿ6ಪಿಡಿ ಷರತ್ತು ಇನ್ನೂ ಬಿಗಿ. ಕಿಣ್ವದ ಕೆಲಸ ಸಾಮಾನ್ಯ ಮಟ್ಟದ ಶೇ 70ಕ್ಕಿಂತ ಜಾಸ್ತಿ ಇದ್ದರೆ ಮಾತ್ರ. ಪ್ರೈಮಾಕ್ವಿನ್ ಆದರೆ ಮೂತ್ರ ಕಪ್ಪಾದ ದಿನ ನಿಲ್ಲಿಸಬಹುದು. ಟಫೆನೋಕ್ವಿನ್ ಒಮ್ಮೆ ನುಂಗಿದರೆ ವಾರಗಟ್ಟಲೆ ಮೈಯಲ್ಲಿರುತ್ತೆ, ಬಾಣ ಬಿಟ್ಟ ಹಾಗೆ. ಅಂದರೆ ಔಷಧಿಯ ಜೊತೆಗೆ ಬೆರಳು ಚುಚ್ಚಿ ಅಲ್ಲೇ ಅಂಕಿ ಹೇಳುವ ಟೆಸ್ಟೂ ಬೇಕಿತ್ತು. ಅದೂ ಈಗ ಬಂದಿದೆ. 2024ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಎರಡಕ್ಕೂ ಪೂರ್ವಾರ್ಹತೆ (ಗುಣಮಟ್ಟ ನೋಡಿ ಕೊಡುವ ಮಾನ್ಯತೆ) ಕೊಟ್ಟಿತು.

7 ದಿನದ ಪ್ರೈಮಾಕ್ವಿನ್ ಕೂಡ ಇದೆ. ಒಟ್ಟು ಪ್ರಮಾಣ ಅದೇ, ದಿನಗಳು ಮಾತ್ರ ಅರ್ಧ. 14 ದಿನದಷ್ಟೇ ಕೆಲಸ ಮಾಡುತ್ತೆ ಅಂತ 2019ರಲ್ಲೇ ತೋರಿಸಿದ್ದಾರೆ.

ಬಿಡುವಿನ_ವೇಳೆ
ಡಾಕ್ಟ್ರೇ ನನಗೂ ಹೋದ ವರ್ಷ ಬಂದಿತ್ತು, ನನ್ನ ತೂಕ 68, ಎಷ್ಟು ಮಾತ್ರೆ

ನಿರ್ವಾಹಕ
ಮಾತ್ರೆಯ ಪ್ರಮಾಣ ಇಲ್ಲಿ ಕೇಳಬೇಡಿ, ಹೇಳಬೇಡಿ. ನಿಮ್ಮ ಡಾಕ್ಟ್ರನ್ನು ಕೇಳಿ.

ವಾದಕ್ಕೆ_ಬಂದೆ
ಸರಿ, ಸ್ವಲ್ಪ ಮೆತ್ತಗಾದೆ ಅಂತಲೇ ಇಟ್ಟುಕೊಳ್ಳಿ. ಆದರೆ ಒಂದು ಅನುಮಾನ. ಎಲ್ಲರಿಗೂ ಈ ಮಾತ್ರೆ ಕೊಡಲು ಆಗಲ್ಲ. ಯಾರ ಲಿವರ್‌ನಲ್ಲಿ ಮಲಗಿದೆ ಅಂತ ನೋಡುವ ಟೆಸ್ಟ್ ಇದೆಯಾ?

ಲೆಕ್ಕದವಳು
ಒಳ್ಳೇ ಪ್ರಶ್ನೆ, ನಿಮ್ಮಿಂದ ಬಂದಿದ್ದು ಆಶ್ಚರ್ಯ. ನೇರವಾಗಿ ನೋಡುವುದಿಲ್ಲ. ಸುತ್ತು ದಾರಿ ಒಂದಿದೆ. 2020ರಲ್ಲಿ ಒಂದು ತಂಡ ವೈವ್ಯಾಕ್ಸ್‌ನ 8 ಪ್ರೋಟೀನ್‌ಗಳ ವಿರುದ್ಧದ ಪ್ರತಿಕಾಯ ಅಳೆದು, ಕಳೆದ 9 ತಿಂಗಳಲ್ಲಿ ಈ ವ್ಯಕ್ತಿಗೆ ಸೋಂಕು ಆಗಿತ್ತಾ ಅಂತ ಸುಮಾರು ಶೇ 80ರಷ್ಟು ಸರಿಯಾಗಿ ಹೇಳಬಹುದು ಅಂತ ತೋರಿಸಿತು. ಆಗಿದ್ದರೆ ಲಿವರ್‌ನಲ್ಲಿ ಇರುವ ಸಾಧ್ಯತೆ ಜಾಸ್ತಿ, ಅಂಥವರಿಗೆ ಮಾತ್ರೆ. ಜ್ವರ ಇಲ್ಲದವರನ್ನೂ ಹೀಗೆ ಹಿಡಿಯಬಹುದು. ಐದರಲ್ಲಿ ಒಬ್ಬರ ಲೆಕ್ಕ ತಪ್ಪುತ್ತೆ, ಅದು ಕಮ್ಮಿ ಏನಲ್ಲ. ಆದರೂ ಕುರುಡಾಗಿ ಎಲ್ಲರಿಗೂ ನುಂಗಿಸುವುದಕ್ಕಿಂತ ವಾಸಿ.

ಪಿಎಚ್‌ಡಿ_ಮುಗಿಯಲ್ಲ
ಲಸಿಕೆ ಬಗ್ಗೆ ಕೇಳಿದ್ದರಲ್ಲ, ಅದನ್ನೂ ಹೇಳುತ್ತೇನೆ. ಎಳೇ ಕಣಕ್ಕೆ ಇದು ನುಗ್ಗಬೇಕಾದರೆ ಕಣದ ಮೇಲೆ ಡಫಿ ಅನ್ನುವ ಹಿಡಿ ಇರಬೇಕು. ಆಫ್ರಿಕಾದ ಬಹಳ ಜನಕ್ಕೆ ಆ ಹಿಡಿಯೇ ಇಲ್ಲ, ಹಾಗಾಗಿ ಅಲ್ಲಿ ವೈವ್ಯಾಕ್ಸ್ ಕಮ್ಮಿ. 1976ರಲ್ಲೇ ಗೊತ್ತಾಯಿತು. ಪರಾವಲಂಬಿಯ ಕಡೆಯಿಂದ ಆ ಹಿಡಿಯನ್ನು ಹಿಡಿಯುವ ಪ್ರೋಟೀನನ್ನೇ ಲಸಿಕೆ ಮಾಡಿದ್ದಾರೆ. ಆಕ್ಸ್‌ಫರ್ಡ್‌ನಲ್ಲಿ ಸ್ವಯಂಸೇವಕರಿಗೆ ಕೊಟ್ಟು, ಆಮೇಲೆ ವೈವ್ಯಾಕ್ಸ್ ಇರುವ ರಕ್ತ ಚುಚ್ಚಿ ನೋಡಿದರು. ಡೋಸ್‌ಗಳ ನಡುವೆ ಜಾಸ್ತಿ ಅಂತರ ಬಿಟ್ಟವರಲ್ಲಿ ಪರಾವಲಂಬಿ ಬೆಳೆಯುವ ವೇಗ ಅರ್ಧಕ್ಕೆ ಇಳಿಯಿತು. 2023ರಲ್ಲಿ ಬಂದ ಫಲಿತಾಂಶ. ಪೂರ್ತಿ ತಡೆಯಲಿಲ್ಲ, ಆದರೆ ದಾರಿ ಇದೆ ಅಂತಾಯಿತು.

ಓದುಗ_42
ಮತ್ತೆ ಕೈದಿಗಳ ಕತೆಯೇ ಆಯಿತಲ್ಲ! ಆ ಸ್ವಯಂಸೇವಕರ ಲಿವರ್‌ನಲ್ಲಿ ಮಲಗಿದರೆ?

ಪಿಎಚ್‌ಡಿ_ಮುಗಿಯಲ್ಲ
ಇಲ್ಲ, ಅದಕ್ಕೇ ಸೊಳ್ಳೆ ಬಿಡದೆ ರಕ್ತ ಚುಚ್ಚುವುದು. ರಕ್ತದ ಹಂತದ ಪರಾವಲಂಬಿ ವಾಪಸ್ ಲಿವರ್‌ಗೆ ಹೋಗುವುದಿಲ್ಲ. ರಕ್ತದಲ್ಲಿರುವುದನ್ನು ಕೊಂದರೆ ಮುಗಿಯಿತು. ಮತ್ತೆ ಅವರು ಬೇಡ ಅಂತ ಎದ್ದು ಹೋಗಬಹುದು. ಬಾಗಿಲಿಗೆ ಬೀಗ ಇಲ್ಲ.

ಇತಿಹಾಸದ_ಹುಳ
ಡಫಿ ಇಲ್ಲದವರಿಗೆ ಬರುವುದೇ ಇಲ್ಲ ಅನ್ನುವುದು ಹಳೇ ಮಾತು. 2010ರಲ್ಲಿ ಮಡಗಾಸ್ಕರ್‌ನಲ್ಲಿ ಅಂಥವರಿಗೂ ಬಂದಿದ್ದು ಕಂಡಿದ್ದಾರೆ. ಆಮೇಲೆ ಇಥಿಯೋಪಿಯಾದಲ್ಲೂ.

ಪಿಎಚ್‌ಡಿ_ಮುಗಿಯಲ್ಲ
ನಿಜ. "ಕಮ್ಮಿ" ಅಂದೆ, "ಇಲ್ಲ" ಅನ್ನಲಿಲ್ಲ. ಬೇರೆ ಬಾಗಿಲೂ ಇದೆ ಅಂತ 2018ರಲ್ಲಿ ಗೊತ್ತಾಗಿದೆ. ಎಳೇ ಕಣದ ಮೇಲಿರುವ, ಕಬ್ಬಿಣ ಒಳಗೆ ತರುವ ಗ್ರಾಹಿಯನ್ನೂ ಇದು ಹಿಡಿಯುತ್ತೆ. ಕಣ ಬಲಿತಂತೆ ಆ ಗ್ರಾಹಿ ಉದುರಿ ಹೋಗುತ್ತೆ. ಎಳೇದೇ ಬೇಕು ಅನ್ನುವ ಹಟಕ್ಕೆ ಅದೊಂದು ಕಾರಣ. ಬೆಕ್ಕಿನವರು ಗಮನಿಸಿ.

ಬಿಡುವಿನ_ವೇಳೆ
ಗಮನಿಸಿದೆ. ಬೆಕ್ಕಿಗೂ ಹೇಳಿದೆ. ನಾನು ಮಾತ್ರ ಡಾಕ್ಟ್ರಿಗೆ ಫೋನ್ ಮಾಡಿ ನಾಳೆಗೆ ಸಮಯ ತಗೊಂಡೆ.

ಮೂರನೇ_ಸಲ
ಆರು ದಿನದ ಮೇಲೆ ಬರುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್. ಟೆಸ್ಟ್ ರಿಪೋರ್ಟ್ ಮಾರನೇ ದಿನವೇ ಬಂತು, ಕಿಣ್ವ ಸರಿಯಾಗಿದೆಯಂತೆ. ಅವತ್ತೇ ಮಾತ್ರೆ ಶುರು ಮಾಡಿದೆ. ಚಳಿ ಇಲ್ಲ, ಹೊಟ್ಟೆ ಒಂಚೂರು ತೊಳೆಸುತ್ತೆ. ಮೇಷ್ಟ್ರು ಹೇಳಿದ್ದು ಕೇಳಿ ಲ್ಯಾಬಿನವರನ್ನು ಕಾಡಿ ನನ್ನ ಸ್ಲೈಡ್ ನೋಡಿದೆ. ಉಬ್ಬಿದ ಕಣ, ಗುಲಾಬಿ ಚುಕ್ಕೆ, ಎಲ್ಲಾ ಕಂಡಿತು. ಚೆಂದ ಅಂತ ಒಪ್ಪುತ್ತೇನೆ, ಆದರೆ ಸಾಯಲಿ.

ಸ್ಲೈಡ್_ಮೇಷ್ಟ್ರು
ನೋಡಿದಿರಾ! ಭಲೇ. ಊಟ ಮಾಡಿಕೊಂಡು ನುಂಗಿ, ಹೊಟ್ಟೆ ತೊಳೆಸುವುದು ಕಮ್ಮಿ ಆಗುತ್ತೆ.

ಜ್ವರದ_ಡಾಕ್ಟ್ರು
ಮೂತ್ರದ ಬಣ್ಣ ನೋಡುತ್ತಿರಿ. ಇವತ್ತಿಗೆ ಎಷ್ಟನೇ ದಿನ?

ಮೂರನೇ_ಸಲ
ಐದು. ತಾಳಿ, ಪಟ್ಟಿ ನೋಡುತ್ತೇನೆ. ನಿನ್ನೆಯದು ಹಾಗೇ ಇದೆ! ಮೈ ಚೆನ್ನಾಗಿತ್ತು, ನೆನಪೇ ಆಗಲಿಲ್ಲ.

ಲೆಕ್ಕದವಳು
ನಾನು ಹೇಳಿರಲಿಲ್ಲವಾ?

ಜ್ವರದ_ಡಾಕ್ಟ್ರು
ಎರಡನ್ನೂ ಒಟ್ಟಿಗೆ ನುಂಗಬೇಡಿ. ಬಿಟ್ಟುಹೋದ ದಿನಕ್ಕೆ ಏನು ಮಾಡಬೇಕು ಅಂತ ನಿಮ್ಮ ಡಾಕ್ಟ್ರಿಗೆ ಈಗಲೇ ಫೋನ್ ಮಾಡಿ. ಆಮೇಲೆ ಮೊಬೈಲಿನಲ್ಲಿ ಅಲಾರಂ ಇಡಿ.

ಮೂರನೇ_ಸಲ
ಮಾಡಿದೆ. ಕೊನೆಗೆ ಒಂದು ದಿನ ಸೇರಿಸಿ ಮುಗಿಸಿ ಅಂದರು. ರಾತ್ರಿ ಎಂಟೂವರೆಗೆ ಅಲಾರಂ ಇಟ್ಟಿದ್ದೇನೆ.

ಬಿಡುವಿನ_ವೇಳೆ
ಎಂಟೂವರೆ ಆಯಿತು. ನುಂಗಿದಿರಾ?

ಮೂರನೇ_ಸಲ
ನುಂಗಿದೆ ಮಾರಾಯಾ.